ತಿತಿಮತಿಯಲ್ಲಿ ಒಂದು ಹತ್ತಿಯೆಳೆ

ಕಣ್ಣು ಮುಚ್ಚಿಕೋ ಮಾದ,
ಮುಟ್ಟಿದ ಕಡೆ ಬೆರಳಿಟ್ಟು ತೋರಿಸು, ಅಷ್ಟೇ.

ಹತ್ತಿ ಹೊಸೆದು, ತುದಿ ಚೂಪು ಮಾಡಿ
ಅವನ ಮುಂಗೈಗೆ ತಾಗಿಸುತ್ತೇನೆ.
ಇಲ್ಲಿ, ಎನ್ನುತ್ತಾನೆ. ಇಲ್ಲಿ. ಇಲ್ಲಿ.
ಕಿರುಬೆರಳಿನ ಕಡೆ, ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ
ಎಂಟಾಣೆಯಗಲದ ಮಚ್ಚೆ.
ಹಾಡಿಯಿಂದ ನಡೆದು ಬಂದವನ ಮೈಯೆಲ್ಲ ಬೆವರು,
ಅಲ್ಲಿ ಮಾತ್ರ ಒಣ, ರೋಮವೂ ಇಲ್ಲ.
ಅಲ್ಲಿ ತಾಗಿಸುತ್ತೇನೆ.
ಮಾದ ಕಾಯುತ್ತಿದ್ದಾನೆ.
ಮತ್ತೆ ತಾಗಿಸುತ್ತೇನೆ.
ಇನ್ನೂ ಕಾಯುತ್ತಿದ್ದಾನೆ, ಮುಖ ಎತ್ತಿ,
ಹಾಜರಿಯಲ್ಲಿ ತನ್ನ ಹೆಸರು ಯಾವಾಗ ಬರುತ್ತದೋ ಎಂದು
ಕೂತ ಹುಡುಗನ ಹಾಗೆ.

ಮಡಿಕೇರಿಯಲ್ಲಿ ದೇಚಮ್ಮ ಮೇಡಂ
ಚರ್ಮದ ಪಾಠ ಮಾಡಿದ್ದು ಕಿತ್ತಳೆ ಹಿಡಿದು.
ಕೊಡಗಿನದೇ ಬೇಕು, ಸಿಪ್ಪೆ ಸಡಿಲ ಅಂಗಿ ಇದ್ದ ಹಾಗೆ;
ನಾಗಪುರದ್ದು ತಂದವರಿಗೆ ಮಾರ್ಕು ಕಡಿತ.
ಈ ಮೇಲಿನ ಬಣ್ಣ ಹೊರಚರ್ಮ, ಇದಕ್ಕೆ ರಕ್ತವಿಲ್ಲ,
ದಿನಾ ಸಾಯುತ್ತೆ, ಉದುರುತ್ತೆ, ನೀವು ಅಳುವುದಿಲ್ಲ.
ಕೆಳಗಿನ ಬಿಳಿ ಮೆತ್ತೆ ಒಳಚರ್ಮ,
ಜಗ್ಗಿದರೆ ಬರುತ್ತೆ, ಬಿಟ್ಟರೆ ಮನೆಗೆ ಹೋಗುತ್ತೆ.
ಆಮೇಲೆ ಈ ನಾರು, ಈ ಬಲೆ,
ಕಿತ್ತು ಎಸೆದು ತೊಳೆ ತಿನ್ನುತ್ತೀರಲ್ಲ,
ಸಿಪ್ಪೆಗೂ ತೊಳೆಗೂ ನಂಟು ಇದರಿಂದಲೇ.
ನರ ಮೇಲೆ ಬರುವುದೂ ಈ ಬಲೆಯ ಕಣ್ಣಿನಲ್ಲಿ ತೂರಿಕೊಂಡು.

ಬೆರಳ ಗೆರೆಗಳಡಿ ಪುಟ್ಟ ಮೊಟ್ಟೆಗಳಂಥ ಕಾವಲು
ಗರಿ ಸೋಕಿದ ಸುದ್ದಿಗೆ;
ಆಳದಲ್ಲಿ ಈರುಳ್ಳಿಯಂತೆ ಪೊರೆ ಮೇಲೆ ಪೊರೆ ಹೊದ್ದವರು
ಆನೆ ನಡೆದು ನೆಲ ಅದುರಿದ ಸುದ್ದಿಗೆ.
ನೋವಿನದು ಮಾತ್ರ ಬೆತ್ತಲೆ ತುದಿ.
ಪೊರೆಯಿಲ್ಲ, ಚಿಪ್ಪಿಲ್ಲ,
ಎಲ್ಲರಿಗಿಂತ ಮುಂದೆ ಬಂದು ನಿಂತಿರುತ್ತೆ.

ಕಳೆದ ಮೇಯಲ್ಲಿ ಹೆಜ್ಜೇನು ಕೊಯ್ಯುವಾಗ
ಆ ಮಚ್ಚೆಯಲ್ಲಿ ಏಳು ಕೊಂಡಿ ಮುರಿದಿದ್ದವಂತೆ.
ಗೊತ್ತಾದದ್ದು ಸಂಜೆ, ಮಗಳು ಎಣಿಸಿ ಕೀಳುವಾಗ.
ಹುಳಕ್ಕೂ ಮಾದನ ಮೇಲೆ ಮರ್ಯಾದೆ ಅಂದರು ಹಾಡಿಯಲ್ಲಿ.
ಅವನೂ ತುಸು ಬೀಗಿದ್ದ.

ಮೊಣಕೈ ಮಡಿಸಿ, ಹಿಂದಿನ ಗುಳಿಯಲ್ಲಿ ಬೆರಳಾಡಿಸುತ್ತೇನೆ.
ನರ ಸಿಗುತ್ತದೆ,
ಸಿಗಬಾರದಷ್ಟು ದಪ್ಪಗೆ, ನೆನೆದ ಹಗ್ಗದ ಹಾಗೆ.

ಹಗ್ಗ ಅಂದರೆ ಅವನಿಗೆ ತಿಳಿಯುತ್ತದೆ.
ಮರದ ತುದಿಯಿಂದ ಡಬ್ಬ ಇಳಿಸುವ ಹಗ್ಗ,
ಕೆಳಗೆ ಹೆಂಡತಿಯ ತಮ್ಮ.
ಒಂದು ಜಗ್ಗಿದರೆ ಇಳಿಸಿಕೋ, ಎರಡು ಜಗ್ಗಿದರೆ ಹೊಗೆ ಹಾಕು.
ನಡುವೆ ಕೊಂಬೆಗೆ ಸಿಕ್ಕಿಕೊಂಡರೆ? ಕೇಳಿದೆ.
ಮಾದ ಯೋಚಿಸಿದ.
'ನಾನು ಜಗ್ತಾನೇ ಇರ್ತೀನಿ.
ಅವನು ಬೀಡಿ ಸೇದ್ತಾ ಕೂತಿರ್ತಾನೆ.'

ಕಾರ್ಡಿನ ಮೇಲೆ ಬರೆದೆ: ಜೆ.ಕೆ. ಮಾದ, ನಲವತ್ತೊಂದು.
ಮುದ್ರಿಸಿದ ಮನುಷ್ಯನ ಚಿತ್ರದಲ್ಲಿ, ಅದಕ್ಕೆ ಮುಖವಿಲ್ಲ,
ಎಡಗೈ ಮೇಲೆ ಒಂದು ಸೊನ್ನೆ ಸುತ್ತಿದೆ.
ಹನ್ನೆರಡು ತಿಂಗಳ ಮಾತ್ರೆ, ಒಂದೂ ತಪ್ಪಿಸಬಾರದು.
ಮೂತ್ರ ಕೆಂಪಾಗುತ್ತೆ, ಹೆದರಬೇಡ.
ಒಲೆಯ ಪಾತ್ರೆ ಎತ್ತುವ ಮುಂಚೆ ಕಣ್ಣಲ್ಲಿ ನೋಡು,
ಈ ಕೈಯ ಮಾತು ನಂಬಬೇಡ.

'ಉರಿ ವಾಪಸ್ ಬರ್ತದಾ ಸಿಸ್ಟರ್?'

ಹತ್ತೊಂಬತ್ತು ವರ್ಷದಲ್ಲಿ
ಉರಿ ಹೋಗಲಿ ಅಂತ ಬಂದವರೇ ಎಲ್ಲ.
ಬರಬಹುದು, ಅಂದೆ.
ಬಹುದು ಎಂಬ ಪದವನ್ನು ಅವನು
ಮಾತ್ರೆ ಚೀಟಿಯ ಜೊತೆ ಮಡಿಸಿ ಜೇಬಿಗಿಟ್ಟುಕೊಂಡ.

ಗೋಣಿಕೊಪ್ಪದ ಬಸ್ಸು ತಡ.
ಕಟ್ಟೆ ಮೇಲೆ ಕೂತು ಕಿತ್ತಳೆ ಸುಲಿದೆ.
ಬೆಳಿಗ್ಗೆ ಫೈಲಿನ ಅಂಚು ಸೀಳಿದ್ದ ಹೆಬ್ಬೆರಳಿಗೆ
ಸಿಪ್ಪೆಯ ಎಣ್ಣೆ ಚಿಮ್ಮಿ ಚುರ್ ಅಂತು.
ಒರೆಸಿಕೊಳ್ಳಲಿಲ್ಲ.
ಬಸ್ಸು ಬರುವವರೆಗೂ ಬೆರಳು ಹಾಗೇ ಹಿಡಿದುಕೊಂಡಿದ್ದೆ.