ಒಂದೂವರೆ ಬೆರಳು

ಕ್ಯಾಂಪಿನ್ಯಾಗಿನ ಆ ಬಂಗ್ಲೆಕ್ಕ ನಮ್ಮವ್ವ
ಭೂತಬಂಗ್ಲೆ ಅಂತಿದ್ಲು.
ಕಿಡಕಿ ತೆರದದ್ದು ಯಾರೂ ಕಂಡಿಲ್ಲ.
ಸುಣ್ಣ ಹಚ್ಚಾಕ ಹೋದವರೂ ಹೊರಗಿನ ಗ್ವಾಡಿಗೆ ಹಚ್ಚಿ
ಹೊರಗಿಂದ ಹೊರಗ ಬಂದವರು.
ನನಗ ಒಳಗ ಕೆಲಸ ಸಿಕ್ತು:
ಕರಿದು ಬಿಳಿದು ಹಾಸಗಲ್ಲು, ನಡುವ ಎಂಟು ಎದ್ದಾವ,
ಕೂಡ್ರಿಸಿ ಕೊಡು. ಮೂರು ದಿನದ ಮಾತು.

ಅದ ವಾರ ಕೋರ್ಟಿನ ಸಮನ್ಸೂ ಬಂತು.
ಶಹಾಪುರದ ಅಷ್ಟೇಕರ, ಹಂಜಿ, ಇಬ್ಬರ ನಡುವಿನ ಗ್ವಾಡಿ,
ಕಟ್ಟಿದಾಂವ ನಾನು.
ಗ್ವಾಡಿಗೆ ಇಪ್ಪತ್ತು ವರ್ಷ, ದಾವೆಕ್ಕ ಹತ್ತೊಂಬತ್ತು.
ಮುಂಜಾನೆ ಕೋರ್ಟು, ಮಧ್ಯಾಹ್ನ ಬಂಗ್ಲೆ,
ಒಂದರ ಧೂಳು ಇನ್ನೊಂದಕ್ಕ ಒಯ್ದೆ.

ಬಂಗ್ಲೆ ಕಾಯುವವನ ಹೆಸರು ಕಾಯತಾನ,
ಹೆಸರಿಗೆ ತಕ್ಕಂಗ ಕಾಯತಾನ.
ಮೂವತ್ತು ವರ್ಷ ಬಾಗಲದಾಗ ನಿಂತಾನಂತ,
ಒಳಗ ಏನು ನಡಿತೈತಿ, ಗೊತ್ತಿಲ್ಲಂತ.
"ಮೂರು ಸಲ ಬಡಿತಾರ, ನಾ ತೆಗಿತೀನಿ, ಅಷ್ಟ."
ಕೋರ್ಟಿನ ಪಟ್ಟೇವಾಲಾನೂ ಮೂರು ಸಲ ಕೂಗಿದ,
ಲಕ್ಕಪ್ಪ ತಿಮ್ಮಣ್ಣ ವಡ್ಡರ
ಲಕ್ಕಪ್ಪ ತಿಮ್ಮಣ್ಣ ವಡ್ಡರ
ಮೂರನೇದಕ್ಕ ನಂದ ಹೆಸರು ಯಾರದೋ ಅನಿಸ್ತು.
ಕೋರ್ಟಿನ್ಯಾಗ ಕಟಿಗಿ ಸುತ್ತಿಗಿ ಇರತೈತಿ ಅಂತ
ಸಿನಿಮಾದಾಗ ನೋಡಿದ್ದೆ.
ಇರಲಿಲ್ಲ. ಅದು ಬಂಗ್ಲೆಯಾಗ ಇತ್ತು,
ಎತ್ತರದ ಕುರ್ಚಿ ಮುಂದ, ಮೂಡಣಕ್ಕ.

ಅಲ್ಲೇ ನೀಲಿ ಮಖಮಲ್ಲಿನ ಮ್ಯಾಲ
ನನ್ನ ಸಾಮಾನು ಕಂಡು ಕೈ ನಿಂತು ಹೋತು.
ಗುನ್ಯಾ, ಪರಕಾರ, ಮಟ್ಟಗೋಲು, ಓಳಂಬ,
ಎಲ್ಲಾ ಬೆಳ್ಳಿದು.
ಒಂದಕ್ಕೂ ಸುಣ್ಣ ತಾಗಿಲ್ಲ,
ಒಂದರದೂ ಮೂಲಿ ಸವದಿಲ್ಲ.
ಮಕ್ಕಳಿಲ್ಲದವರ ಮನಿಯಾಗಿನ ತೊಟ್ಲಾ ನೋಡಿದಂಗಾತು.

ಬಾಜೂಕ ಎರಡು ಕಲ್ಲು.
ಒಂದು ನುಣ್ಣಗ ಕಡದದ್ದು,
ಒಂದು ಹಂಗ ಒರಟು.
ಕಡದದ್ದು ಛಲೋ ಕೆಲಸ, ಮಾತಿಲ್ಲ.
ಒರಟಿನ ಮ್ಯಾಲ ಕೈ ಆಡಿಸಿದೆ.
ಉಳಿ ಗುರುತು!
ಯಾರೋ ಶ್ಯಾಣ್ಯಾ ಕಲ್ಲುಕುಟಿಗ
ಒರಟು ಕಾಣಲಿ ಅಂತ, ಅದನ್ನೂ ಕಡದಾನ.

ಆವಾಗ ಮುಂಜಾನಿ ಚಾ ನೆನಪಾತು.
ಕೋರ್ಟಿನ ಕ್ಯಾಂಟೀನಿನ್ಯಾಗ ಅಷ್ಟೇಕರನ ವಕೀಲ
ನನ್ನ ಮುಂದ ಬಶಿ ಸರಿಸಿ ಹೇಳಿದ್ದ:
"ತಿಳದವರಂಗ ಮಾತಾಡಬ್ಯಾಡ, ಗೌಂಡಿ.
ತಡವರಿಸು. ನಡುವ ಒಮ್ಮೆ ಮರತಂಗ ಮಾಡು.
ಸಾಹೇಬ್ರಿಗೆ ಹಸೀ ಮಾತ ಖರೇ ಅನಿಸ್ತೈತಿ."

ತಡವರಿಸೂದು ನೆನಪ ಆಗಲಿಲ್ಲ.
ಕರಿ ಕೋಟಿನ ಹಲಗೇಕರ ಎದ್ದು ನಿಂತ, ಎದುರಿನವರ ವಕೀಲ:
ಗ್ವಾಡಿ ವಾಲೇತೋ ಇಲ್ಲೋ?
ಒಂದೂವರೆ ಬೆರಳು ವಾಲೇತ್ರಿ, ಆದರ
ಅದು ನೆಲ ಕುಂತು ವಾಲಿದ್ದು, ಬಾವಿ ತೋಡಿದ್ದಕ್ಕ...
ಕೇಳಿದ್ದಷ್ಟ ಹೇಳು.
ಚೀಲದಾಗ ಓಳಂಬ ಇತ್ತು,
ನನ್ನಪ್ಪಂದು, ಹಿತ್ತಾಳಿ ಗುಂಡು,
ತೆಗದು ತೋರಿಸಲೇನ್ರಿ ಅಂದೆ. ಮಂದಿ ನಕ್ಕರು.
ಟೈಪಿಸ್ಟ್ ಬಾಯಿ ತಲಿ ಎತ್ತದ ಬಡದ್ಲು:
*ಗೋಡೆಯು ವಾಲಿದೆ ಎಂದರೆ ಸರಿ.*
'ಆದರ' ಅನ್ನೂದು ಹೊರಗ ಉಳೀತು,
ನಾ ಬಾಗಲದಾಗ ಬಿಟ್ಟ ಚಪ್ಪಲಿ ಜೋಡಿ.

ಮೂರನೇ ದಿನ ಕಲ್ಲು ಕುಂತ್ವು.
ಕಾಯತಾನ ಬೀಡಿಗೆ ಹೊರಗ ಹೋಗಿದ್ದ.
ಏನು ತಿಳೀತೋ, ಅಪ್ಪನ ಓಳಂಬ ತಗದು
ಎತ್ತರದ ಕುರ್ಚಿ ಹಿಂದಿನ ಗ್ವಾಡಿಗೆ ಬಿಟ್ಟೆ.
ಗುಂಡು ಅತ್ತಾಗ ಇತ್ತಾಗ ತೂಗಿ
ತೂಗಿ
ನಿಂತಿತು.
ಒಂದೂವರೆ ಬೆರಳು.

ದಾರ ಸುತ್ತಿ ಚೀಲದಾಗ ಹಾಕ್ಕೊಂಡೆ.
ಮ್ಯಾಲ ಬರೆದ ಕಣ್ಣೊಂದು ನೋಡಿತ್ತು,
ಅದೇನು ಹೇಳ್ತೈತಿ.

ಸಂಜಿಕ ಕಾರು ಬಂದ್ವು. ಒಂದರಾಗಿಂದ ಹಲಗೇಕರ ಇಳದ,
ಬಿಳಿ ಕೈಚೀಲ, ಬಗಲಾಗ ಚಪ್ಪಟಿ ಬ್ಯಾಗು.
ನನ್ನ ಗುರುತು ಹತ್ತೇತೋ ಇಲ್ಲೋ, ಮೆಟ್ಲ ಮ್ಯಾಲ ನಿಂತು
"ಗೌಂಡಿ, ನೆಲ ಅಳ್ಳಾಡೂದಿಲ್ಲಲಾ?" ಅಂದ.

ಇಲ್ಲರಿ, ಅಂದೆ.
ನೆಲದ್ದಷ್ಟ ಕೇಳಿದ್ದ.