ಖಾಲಿ ಕೋಣೆಯ ಸದ್ದು

ಆರುನೂರ ನಲವತ್ತು ಮದುವೆ ಹಿಡಿದವನು ನಾನು,
ಬೆಂದೂರಿನಿಂದ ಕಿನ್ನಿಗೋಳಿಯವರೆಗೆ.
ಮದುಮಗಳ ಓಲೆ ಯಾವ ಕೋನದಲ್ಲಿ ಮಿಂಚುತ್ತದೆ,
ಮಾವನ ಬೋಳುತಲೆ ಯಾವ ಕೋನದಲ್ಲಿ ಮಿಂಚಬಾರದು,
ಎಲ್ಲ ಗೊತ್ತು.
ಇಷ್ಟಾಗಿಯೂ ಮೂರು ದಿನದ ಶಿಬಿರಕ್ಕೆ
ಎಂಟುನೂರು ಕಟ್ಟಿದ್ದು ಎಂತಕ್ಕೆಂದು
ಸ್ಟುಡಿಯೋದ ಹುಡುಗ ಸುಕೇಶ ಕೇಳಿದ.
ಡಿಸ್ಕೌಂಟ್ ಇತ್ತು ಮಾರಾಯ, ಅಂದೆ.

ಚಿತ್ರೋತ್ಸವ ಕೆಳಗೆ, ಎಸಿ ಹಾಲಿನಲ್ಲಿ.
ನಾವು ಮೂರನೆಯ ಮಾಳಿಗೆಯ ಫಿಸಿಕ್ಸ್ ಲ್ಯಾಬಿನಲ್ಲಿ,
ಲೋಲಕಗಳ ನಡುವೆ ಹದಿನಾಲ್ಕು ಮಂದಿ.
ಪಣಂಬೂರಿನ ಕ್ರೇನ್ ಆಪರೇಟರ್ ಒಬ್ಬ,
ಬಿ.ಎಡ್. ಅರ್ಧಕ್ಕೆ ಬಿಟ್ಟ ಸಫೂರಾ,
ಸ್ವಂತ ಕ್ಯಾಮೆರಾ ಇದ್ದವರು ಇಬ್ಬರೇ.
ಅದರಲ್ಲಿ ನಾನೊಬ್ಬನೆಂಬ ಗರ್ವ
ಸಂಜೆಯ ಗೋಳಿಬಜೆಯವರೆಗೂ ಬಾಳಲಿಲ್ಲ.

ಕಲಿಸಲು ಬಂದ ವಾರಿಜಾ ಮೇಡಂ
ಇಪ್ಪತ್ತೆರಡು ವರ್ಷ ಬೇರೆಯವರ ಸಿನಿಮಾಗಳಿಗೆ
ಕಿವಿ ಕೊಟ್ಟವರು.
ಬಂದವರೇ ಫ್ಯಾನ್ ಆರಿಸಿದರು.
"ಒಂದು ನಿಮಿಷ ಯಾರೂ ಅಲುಗಬೇಡಿ.
ಈ ಕೋಣೆ ಏನು ಹೇಳುತ್ತದೆ, ಬರೆದುಕೊಳ್ಳಿ."
ನಾನು ಬರೆದೆ: ಏನೂ ಇಲ್ಲ.
ಸಫೂರಾ ಬರೆದಿದ್ದಳು:
ಟ್ಯೂಬ್‌ಲೈಟಿನ ಗುಂಯ್,
ನಲ್ಲಿಯ ಹನಿ, ಮುಂದಿನ ಹನಿಗೆ ಕಾಯುವ ಸಿಂಕು,
ದೂರದಲ್ಲಿ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎನ್ನುವ ಕಂಡಕ್ಟರ್,
ಪಕ್ಕದಲ್ಲಿ ಕೂತವರ ಹೊಟ್ಟೆ.
ಪಕ್ಕದಲ್ಲಿ ಕೂತವನು ನಾನು.

ಎರಡನೆಯ ದಿನದ ಲೆಕ್ಕ: ಒಂದೇ ಶಾಟ್, ಒಂದೇ ನಿಮಿಷ,
ಕತ್ತರಿಸುವಂತಿಲ್ಲ, ಹಾಡು ಹೊದಿಸುವಂತಿಲ್ಲ.
ಬಂದರಿನಿಂದ ಬೆಂಗ್ರೆಗೆ ಫೆರಿ ಹತ್ತಿದೆ.
ಖಾಲಿ ಬುಟ್ಟಿಯ ಮೇಲೆ ಕೈಯಿಟ್ಟು
ತೂಕಡಿಸುತ್ತಿದ್ದಳು ಒಬ್ಬ ಮೀನಿನ ಹೆಂಗಸು.
ಇಪ್ಪತ್ತು ಸೆಕೆಂಡಿಗೇ ಹೆಬ್ಬೆರಳು ತುರಿಸಿತು,
ಇಷ್ಟರಲ್ಲಿ ಆರು ಕಟ್ ಆಗಬೇಕಿತ್ತು, ಒಂದು ಡ್ರೋನ್ ಹಾರಬೇಕಿತ್ತು.
ತಡೆದೆ. ದೋಣಿ ಅಲುಗಿದಂತೆ ಅವಳ ತಲೆ,
ತಲೆ ಅಲುಗಿದಂತೆ ಹಿಂದಿನ ದಂಡೆ.
ಐವತ್ತೊಂದನೆಯ ಸೆಕೆಂಡಿಗೆ ಕಣ್ಣು ತೆರೆದು
ಕ್ಯಾಮೆರಾ ನೋಡಿ, ನನ್ನ ಬೆನ್ನ ಹಿಂದೆ ಇಣುಕಿ ಕೇಳಿದಳು:
"ಮದಿಮಾಲ್ ಓಲು?"
ಮದುಮಗಳೆಲ್ಲಿ!

ಮರುದಿನ ಲ್ಯಾಬಿನ ಗೋಡೆಯಲ್ಲಿ ಅವಳ ತುಟಿ ಆಡಿತು,
ಮಾತು ಬರಲಿಲ್ಲ.
ಮೈಕ್ ಹಾಕಿರಲಿಲ್ಲ ನಾನು. ಆರುನೂರ ನಲವತ್ತರಲ್ಲಿ
ಎಂದೂ ಹಾಕಿದ ನೆನಪಿಲ್ಲ,
ಮೇಲೆ ಹೇಗೂ ಹಾಡು ಬರುತ್ತದಲ್ಲ.
ಅವಳು ಕೇಳಿದ್ದನ್ನು ನಾನೇ ಹೇಳಿದೆ. ನಕ್ಕರು.
ಹೇಳಿದ್ದಕ್ಕೆ ನಕ್ಕರು, ಕಂಡದ್ದಕ್ಕಲ್ಲ.
"ಹೋಗಿ ತನ್ನಿ" ಎಂದರು ವಾರಿಜಾ ಮೇಡಂ,
ಫೆರಿಯಲ್ಲಿ ಕೊಡೆ ಮರೆತು ಬಂದವನಿಗೆ ಹೇಳುವ ಹಾಗೆ.

ಅವರ ರೆಕಾರ್ಡರ್ ಕಿವಿಗೇರಿಸಿಕೊಂಡು ಹೋದೆ.
ಅವಳಿರಲಿಲ್ಲ.
ನಾಲ್ಕು ಸಲ ಆಚೆ ಈಚೆ ದಾಟಿದೆ, ಟಿಕೆಟಿನವನು
ಸುಮ್ಮನೆ ನೋಡಿದ.
ಎಂಜಿನ್ ಕೆಮ್ಮಿತು. ದಕ್ಕೆಯ ಕಲ್ಲಿಗೆ ಹಳೇ ಟಯರು
ಒರಸಿ ಒರಸಿ ಏನೋ ಕೇಳಿತು.
ಹದ್ದುಗಳು. ಯಾರದೋ ಫೋನಿನಲ್ಲಿ ಅಳುವ ಮಗು.
ಕೆಳಗೆ ಸಮಾರೋಪ ಮುಗಿದಿರಬೇಕು,
ನನ್ನ ಹೆಸರಿನ ಸರ್ಟಿಫಿಕೇಟು ಇನ್ನೂ
ಆ ಲೋಲಕಗಳ ನಡುವೆ ಎಲ್ಲೋ ಇರಬೇಕು.
ಆ ರಾತ್ರಿ ನಾನು ಕೂತಿದ್ದೆ
ಇವತ್ತಿನ ಹೊಳೆಯನ್ನು ನಿನ್ನೆಯ ತುಟಿಗೆ ಹೊಂದಿಸುತ್ತ.
ಹೊಂದಲಿಲ್ಲ.
ಆದರೂ ದೋಣಿ ಈಗ ನೀರಿನ ಮೇಲಿತ್ತು.

ಕಳೆದ ವಾರ ಬಜ್ಪೆಯಲ್ಲಿ ರೋಸ್.
ತೆಂಗಿನಹಾಲು ಸುರಿದವರೆಲ್ಲ ಊಟಕ್ಕೆ ಹೋದ ಮೇಲೆ
ಮೈಕ್ ಹಾಕಿ ನಿಂತೆ.
ಮಣೆಯ ಅಂಚಿನಿಂದ ಹಾಲು ಇಳಿಯುತ್ತಿತ್ತು, ತೊಟ್ಟು ತೊಟ್ಟು.
ಒಳಗೆ ಯಾರೋ ಕುರ್ಚಿಯ ಮೇಲೆ ಕುರ್ಚಿ ಪೇರಿಸುತ್ತಿದ್ದರು.
ಕೇಳಿ ನೋಡಿ, ಎಲ್ಲ ಇದೆ ಅದರಲ್ಲಿ.
ಮೂವತ್ತಮೂರನೆಯ ಸೆಕೆಂಡಿಗೆ ಸುಕೇಶ:
"ಅಣ್ಣ, ಎಂತ ಹಿಡಿಯುವುದು? ಯಾರೂ ಇಲ್ಲವಲ್ಲ."
ಮೂವತ್ತನಾಲ್ಕಕ್ಕೆ,
ಹಾಲಿನ ತೊಟ್ಟನ್ನೇ ಮುಚ್ಚಿಬಿಡುವಷ್ಟು ಜೋರಾಗಿ,
ನನ್ನದೇ "ಶ್ಶ್!"