ಆರೂದ್ರಾಗ

ಐದನೇ ತಿಂಗಳದಾಗ ಚೀನಾಕ್ಕ ಹೊಂಟೀವಿ ಅಂದಾಗ
ಬೆಟಗೇರಿ ಓಣಿ ತುಂಬ ಬಾಯಿ.
"ಕೂಸು ಬಂತಂದ್ರ ಅಣ್ಣಿಗೇರಿಗೂ ಹೋಗೂದಾಗೂದಿಲ್ಲ"
ಅಂದ ಅಂದಾನೇಶ. ಬೈಂಡಿಂಗ್ ಮಷೀನಿಗೆ ಕೂಡಿಸಿದ್ದ ರೊಕ್ಕ
ಟಿಕೀಟಾತು.

ಆ ಗ್ವಾಡಿ ನೋಡಿದ್ವಿ. ಫೋಟೋದಾಗಿದ್ದಂಗಿಲ್ಲ ಅದು,
ಬರೇ ಪಾವಟಿಗಿ.
ಒಂದು ಗೇಣು, ಒಂದು ಮೊಣಕಾಲೆತ್ತರ,
ಕಟ್ಟಿದಾಂವ ಬಸುರಿ ಹೆಂಗಸನ್ನ ನೆನಸಿರಲಿಲ್ಲ.
ನಾಲ್ಕನೇ ಬುರುಜಿಗೆ ಕುಂತುಬಿಟ್ಟೆ,
ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ.

ಬಾಜೂಕ ಒಬ್ಬಾಕಿ ಮುದುಕಿ
ಥರ್ಮಾಸಿನ ಮುಚ್ಚಳದಾಗ ಬಿಸಿನೀರು ಬಗ್ಗಿಸಿ ಕೊಟ್ಟು
ನನ್ನ ಹೊಟ್ಟಿ ನೋಡಿ ಏನೋ ಅಂದ್ಲು.
ಇಂವ ಫೋನಿನ್ಯಾಗ ಹಿಡಕೊಂಡ.
ಆ ಗಾಳ್ಯಾಗ ಆ್ಯಪಿಗೂ ತಿಳೀಲಿಲ್ಲ,
ನಡುವ ಬ್ಯಾರೆ ಯಾರೋ ಕೆಮ್ಮಿದ್ರು.

ಈಗ ಒಂಬತ್ತು ತುಂಬ್ಯಾವ.
ಎಂಟು ದಿನದ ಮ್ಯಾಲ ನಳ ಬಂದೈತಿ, ಇಂವ ಕೊಡ ಹಚ್ಚ್ಯಾನ.
ಅತ್ತಿ ನೀಲವ್ವ ಫೋನು ಕಿವಿಗೆ ಒತ್ತಿ
ಮತ್ತ ಹಚ್ಚು, ಮತ್ತ ಹಚ್ಚು ಅಂತಾಳ.
"ತಿಳೀವಲ್ದೇನ ನಿಮಗ?
ಆರೂದ್ರಾಗ ಕುಡಿಯವ್ವಾ ಅಂದಾಳ ಆಕಿ."
ಒಲಿ ಮ್ಯಾಲಿನ ತಪೇಲಿ ಕಡೆ ಹೊಳ್ಳಿ,
"ನಾ ಹೇಳಿದ್ರ ಕೇಳಂಗಿಲ್ಲ.
ಚೀನಾದಾಕಿ ಹೇಳ್ಯಾಳ, ಕುಡಿ."